ಗ್ರೈಂಡರ್ ರಿಪೇರಿ ಮಾಡಿಸಿ ಕೆಟ್ಟೆ

"ಶನಿವಾರ ಬೆಳಗ್ಗೆ ನಿಮ್ಮ ಮನೆಯಿಂದ ಒಂದು ಸದ್ದು ಬರುತ್ತಲ್ಲ, ಅದರ ಬಗ್ಗೆ ಮಾತಾಡಬೇಕಿತ್ತು."

ಲಿಫ್ಟ್‌ನಲ್ಲಿ ಮೇಲಿನ ಮನೆಯ ಡೆಸ್ಮಂಡ್ ಇಷ್ಟು ಹೇಳುವಷ್ಟರಲ್ಲಿ ನನ್ನ ಫ್ಲೋರ್ ಬಂತು. "ಈ ಶನಿವಾರ ನಾನೇ ಬರ್ತೀನಿ" ಎಂದರು. ಬಾಗಿಲು ಮುಚ್ಚಿತು.

ಲಂಡನ್ನಿನ ಫ್ಲ್ಯಾಟ್‌ನಲ್ಲಿರುವ ಕನ್ನಡಿಗ ಯಾರಿಗೆ ಹೆದರುತ್ತಾನೆ? ಹೆಂಡತಿಯನ್ನು ಬಿಟ್ಟರೆ (ಅದು ಎಲ್ಲ ಊರಿನಲ್ಲೂ ಇದ್ದದ್ದೇ) ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ. ಯಾರಾದರೂ ಗಲಾಟೆ ಅಂತ ಒಂದು ಕಂಪ್ಲೇಂಟ್ ಕೊಟ್ಟರೆ ಮುಗಿಯಿತು, ನಾವಿರುವ ಕ್ರೋಯ್ಡನ್‌ನಲ್ಲಿ ನಮ್ಮ ದೋಸೆಗೆ ಎಳ್ಳುನೀರು ಬಿಟ್ಟಂತೆಯೇ.

ಸದ್ದು ನಮ್ಮ ಗ್ರೈಂಡರಿನದು. ಒಳಗಿನ ಒಂದು ಕಲ್ಲು ಸಡಿಲವಾಗಿ, ರುಬ್ಬುವಾಗ 'ಗುಡು ಗುಡು ಟಕ್, ಗುಡು ಗುಡು ಟಕ್' ಎನ್ನುತ್ತಿತ್ತು. "ರಿಪೇರಿ ಮಾಡ್ಸಿ" ಎಂದು ನನ್ನ ಹೆಂಡತಿ ಸುಮಾ ಯುಗಾದಿಯಿಂದ ಹೇಳುತ್ತಿದ್ದಳು. "ಮಾಡ್ಸೋಣ" ಎಂದು ನಾನೂ ಯುಗಾದಿಯಿಂದಲೇ ಹೇಳುತ್ತಿದ್ದೆ.

ಭಯ ಏನೆಲ್ಲ ಮಾಡಿಸುತ್ತದೆ ನೋಡಿ! ಮರುದಿನವೇ ಗ್ರೈಂಡರನ್ನು ಟ್ರಾಲಿ ಬ್ಯಾಗಿಗೆ ತುಂಬಿ, ಟ್ರೇನು, ಟ್ಯೂಬು ಹತ್ತಿಳಿದು ಲಂಡನ್ನಿನ ಇನ್ನೊಂದು ತುದಿಯ ವೆಂಬ್ಲಿಗೆ ಎಳೆದೊಯ್ದೆ. ಅಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಸುಧಾಕರಣ್ಣ, "ಎಂತ ಮಾರಾಯ್ರೆ, ಒಂದ್ ಸ್ಕ್ರೂ ಬಿಗಿ ಮಾಡೂಕೆ ಇಷ್ಟ್ ದೂರ ಬಂದ್ರ್ಯಾ?" ಎಂದು ನಗುತ್ತಾ, ನಾನು ಚಹಾ ಮುಗಿಸುವುದರೊಳಗೆ ಸರಿ ಮಾಡಿಕೊಟ್ಟರು.

ಶನಿವಾರ ಗ್ರೈಂಡರ್ ಮೆತ್ತಗೆ, ಸಭ್ಯವಾಗಿ ತಿರುಗುತ್ತಿದ್ದಾಗಲೇ ಬೆಲ್ ಆಯಿತು. ಡೆಸ್ಮಂಡ್! ಕೈಯಲ್ಲಿ ಮೈಕು, ಕತ್ತಿನಲ್ಲಿ ಹೆಡ್‌ಫೋನು.

"ಸಾರಿ, ಸಾರಿ! ಸರಿ ಮಾಡಿಸಿಬಿಟ್ಟೆ. ಕೇಳಿ, ಸದ್ದೇ ಇಲ್ಲ" ಎಂದು ಹಲ್ಲು ಕಿರಿದೆ.

ಅವರ ಮುಖ ಬಾಡಿಹೋಯಿತು. "ಅಯ್ಯೋ, ಯಾಕೆ ಮಾಡಿಸಿದ್ರಿ?"

ಡೆಸ್ಮಂಡ್ ಒಂದು ಕಾಲದಲ್ಲಿ ಸೋಲ್, ಫಂಕ್ ಎಂಬ ಪಾಶ್ಚಾತ್ಯ ಸಂಗೀತ ನುಡಿಸುವ ಬ್ಯಾಂಡಿನ ಡ್ರಮ್ಮರ್ ಅಂತೆ. ಬ್ಯಾಂಡ್ ನಿಂತು ಎಷ್ಟೋ ಕಾಲವಾಯಿತು. ಆದರೆ ಅವರ ಹಳೆಯ ರೆಕಾರ್ಡಿನಲ್ಲಿ ಡ್ರಮ್ ಒಂದೇ ಮೊಳಗುವ ಒಂದು ತುಣುಕಿದೆಯಂತೆ; ಅದನ್ನು ಕತ್ತರಿಸಿ, ತಿರುಗಾ ಮುರುಗಾ ಓಡಿಸಿ, ಕಂಡಕಂಡವರೆಲ್ಲ ಹೊಸ ಹಾಡು ಕಟ್ಟಿದ್ದಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಪಕ್ಕದ ಮನೆಯ ಒಂದು ಚಮಚ ಹೆಪ್ಪಿನಿಂದ ನಮ್ಮ ಪಾತ್ರೆ ತುಂಬ ಮೊಸರು ಮಾಡಿಕೊಂಡ ಹಾಗೆ. (ನಾವು ಹೆಪ್ಪನ್ನು ಕೇಳಿಯಾದರೂ ತರುತ್ತೇವೆ.)

"ಸೂಪರ್‌ಮಾರ್ಕೆಟ್‌ನಲ್ಲಿ ಬಟಾಣಿ ಹುಡುಕುವಾಗಲೂ ನನ್ನ ಡ್ರಮ್ ಕೇಳಿಸುತ್ತೆ. ಒಬ್ಬರೂ ನಮ್ಮನ್ನ ಕೇಳಲಿಲ್ಲ. ನಿಮ್ಮ ಮನೆ ಸದ್ದನ್ನ ನಾನಾದರೂ ನಿಮ್ಮನ್ನ ಕೇಳಿ ರೆಕಾರ್ಡ್ ಮಾಡ್ಕೊಳ್ಳೋಣ ಅಂತ ಬಂದೆ" ಎಂದರು.

ಹಳೆಯ ಗೆಳೆಯರೆಲ್ಲ ಮತ್ತೆ ಸೇರಿ, ಇಷ್ಟು ವರ್ಷಗಳ ಮೇಲೆ ಒಂದು ಹಾಡು ಮಾಡಿದ್ದಾರಂತೆ. ಆ ಹಾಡು ನಿಂತಿರುವುದೇ ನಮ್ಮ 'ಗುಡು ಗುಡು ಟಕ್' ಮೇಲೆ! ಡ್ರಮ್ಮಿನಲ್ಲಿ ಬಾರಿಸಿ ನೋಡಿದರಂತೆ, ಆ 'ಟಕ್' ಬರಲಿಲ್ಲವಂತೆ. (ಹೇಗೆ ಬಂದೀತು? ಅದಕ್ಕೆ ಉದ್ದಿನಬೇಳೆ ಬೇಕು.)

ನನಗೆ ನಿಜಕ್ಕೂ ಪಾಪ ಅನ್ನಿಸಿತು. ಜೀವನದಲ್ಲಿ ಒಂದೇ ಒಂದು ಕೆಲಸವನ್ನು ಬೇಗ ಮಾಡಿದೆ, ಅದೂ ಹೀಗಾಗಬೇಕೆ?

ಸುಮಾ ಕಾಫಿ ಲೋಟವನ್ನು ಅವರ ಕೈಗಿಟ್ಟು ಸಮಾಧಾನ ಮಾಡಿದಳು. "ಕೆಟ್ಟಿದ್ದನ್ನ ಸರಿ ಮಾಡೋದು ಕಷ್ಟ, ಡೆಸ್ಮಂಡ್. ಸರಿ ಇರೋದನ್ನ ಕೆಡಿಸೋದು ಏನ್ ಮಹಾ? ನಮ್ಮನೆಯವರ ಕೈಗೆ ಬಿಡಿ, ಒಂದು ವಾರ ಸಾಕು."

ಡೆಸ್ಮಂಡ್ ನನ್ನ ಎರಡೂ ಕೈ ಹಿಡಿದು ಕುಲುಕಿದರು. ರಿಪೇರಿಗೆ ಯುಗಾದಿಯಿಂದ ಟೈಮ್ ಕೊಟ್ಟು, ಕೆಡಿಸಲು ಒಂದೇ ವಾರ ಅಂದರೆ ಹೇಗೆ ಸ್ವಾಮಿ?