ಅಜ್ಜನಿಗೆ ಹಾಕಿದ ಹಾಜರಿ

ವಯಸ್ಸಾದ ಮೇಲೆ ಪಾಪನಿವೇದನೆ ಮಾಡುವುದು ಬಲು ಕಷ್ಟದ ಕೆಲಸ. ಪಶ್ಚಾತ್ತಾಪ ಬರುವುದಿಲ್ಲ ಎಂದಲ್ಲ, ಪಾಪಗಳೇ ಸಾಲುವುದಿಲ್ಲ. ಎಂಬತ್ತರ ಹತ್ತಿರ ಬಂದವನ ಬಳಿ ಮಂಡಿನೋವು, ಮರೆವು, ಪಕ್ಕದ ಮನೆಯ ಹುಂಜದ ಮೇಲಿನ ಸಿಟ್ಟು, ಇಷ್ಟು ಬಿಟ್ಟರೆ ಇನ್ನೇನಿರುತ್ತದೆ? ಪ್ರತಿ ತಿಂಗಳೂ ಅದೇ ಹುಂಜವನ್ನು ಹೊತ್ತುಕೊಂಡು ಹೋಗಿ ಜಾಲರಿಯ ಮುಂದೆ ಕೂರುತ್ತಿದ್ದೆ. ಆಚೆ ಕಡೆ ಫಾದರ್ ಆಕಳಿಸುವುದು ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ, ಒಂದು ದಪ್ಪನೆಯ ಪಾಪ ನನ್ನ ಬಳಿ ಇತ್ತು. ಮೂವತ್ತು ವರ್ಷದಿಂದ ಅದನ್ನು ಆ ಹುಂಜದ ಹಿಂದೆ ಬಚ್ಚಿಟ್ಟಿದ್ದೆ. ಹೆಂಡ, ಹೆಣ್ಣು ಎಂದು ನೀವು ಆಸೆ ಇಟ್ಟುಕೊಳ್ಳಬೇಡಿ. ನಾನು ನಮ್ಮ ಚರ್ಚಿನ ಚರಿತ್ರೆ ಬರೆದಿದ್ದೆ.

ನಮ್ಮೂರು ಸುಂಟಿಕೊಪ್ಪದ ಆಚೆ, ಸುತ್ತ ಕಾಫಿ ಎಸ್ಟೇಟುಗಳಿರುವ ಒಂದು ಸಣ್ಣ ಪೇಟೆ. ನಮ್ಮ ಚರ್ಚಿನಲ್ಲಿ ಕೊಂಕಣಿ ಮಾತಾಡುವ ನಾವು ಮುಂದಿನ ಬೆಂಚುಗಳಲ್ಲಿ, ಮಲಯಾಳದವರು ನಡುವೆ, ಎಸ್ಟೇಟ್ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ತಮಿಳಿನವರು ಹಿಂದೆ. ಹಾಗೆಂದು ಯಾರೂ ನಿಯಮ ಮಾಡಿಲ್ಲ, ಅದಕ್ಕೇ ಯಾರೂ ಅದನ್ನು ಮುರಿದೂ ಇಲ್ಲ. ಪೂಜೆ ಎಲ್ಲರಿಗೂ ಕನ್ನಡದಲ್ಲಿ, ಜಗಳ ಅವರವರ ಭಾಷೆಯಲ್ಲಿ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯಲು ಆಗಿನ ಫಾದರ್ ನನ್ನನ್ನು ಹಿಡಿದರು. ನಾನು ಹೈಸ್ಕೂಲು ಮುಗಿಸಿದವನು, ಮೇಲಾಗಿ ಎಸ್ಟೇಟಿನ ರೈಟರು. ರೈಟರ್ ಎಂದರೆ ಕೆಲಸದವರ ಹಾಜರಿ ಹಾಕುವವನು. ಬಂದವರಿಗೆ ಪೂರ್ತಿ, ತಡವಾದವರಿಗೆ ಅರ್ಧ, ಬಾರದವರಿಗೆ ಸೊನ್ನೆ. ಆದರೂ ಹೆಸರಿಗೆ ಬೆಲೆ ಇದೆಯಲ್ಲ, ಒಪ್ಪಿಕೊಂಡೆ.

ಚರ್ಚಿನ ಹಳೆಯ ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿತ್ತು. ಹಿರಿಯರನ್ನು ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ. ಮೊದಲ ಪೂಜೆ ನಡೆದದ್ದು ಆರೋಗ್ಯಮ್ಮನ ಲೈನ್ ಮನೆಯಲ್ಲಿ. ಆಕೆ ಕಾಫಿ ಹಣ್ಣು ಕೊಯ್ಯುವ ಹೆಂಗಸು. ಮಳೆಯಲ್ಲಿ ನೆನೆದು ಬಂದ ಗುರುಗಳನ್ನು ಒಳಗೆ ಕರೆದು, ಸೀಮೆಎಣ್ಣೆ ಡಬ್ಬದ ಪೆಟ್ಟಿಗೆಯ ಮೇಲೆ ತನ್ನ ಮದುವೆ ಸೀರೆ ಹಾಸಿ ಪೀಠ ಮಾಡಿದಳಂತೆ. ನನ್ನ ಅಜ್ಜನೂ ಬಂದಿದ್ದರಂತೆ, ಪೂಜೆ ಮುಗಿದ ಮೇಲೆ, ಕಾಫಿ ಕೊಡುವ ಹೊತ್ತಿಗೆ.

ಬೇರೆ ಊರಿನ ಸಂಚಿಕೆಗಳನ್ನೂ ತಿರುವಿ ನೋಡಿದೆ. ಎಲ್ಲ ಕಡೆಯೂ ಗುರುಗಳು ನಡೆದೇ ಬಂದಿದ್ದರು, ಮಳೆ ಸುರಿಯುತ್ತಲೇ ಇತ್ತು, ಆದರೆ ಎದುರುಗೊಂಡವನು ಮಾತ್ರ ಯಾರೋ ಒಬ್ಬ ದೊಡ್ಡ ಮನುಷ್ಯ. ನಮ್ಮ ಚರಿತ್ರೆ ಮಾತ್ರ ಲೈನ್ ಮನೆಯಿಂದ ಶುರುವಾದರೆ ಹೇಗೆ? ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಚರ್ಚಿಗೆ ಲೈನ್ ಮನೆ ಸಾಲದು ಅನ್ನಿಸಿತು ನನಗೆ. ಹೀಗೆ ಬರೆದೆ: ‘ನಮ್ಮ ಮನೆಯಂಗಳದ ಅಂಚಿನ ಹಲಸಿನ ಮರದ ಕೆಳಗೆ, ನನ್ನ ಅಜ್ಜನ ಮುಂದಾಳತ್ವದಲ್ಲಿ ಮೊದಲ ಪೂಜೆ ನೆರವೇರಿತು.’ ಪೂಜೆಗೆ ಬಾರದ ಅಜ್ಜನಿಗೆ ಪೂರ್ತಿ ಹಾಜರಿ, ಆರೋಗ್ಯಮ್ಮನಿಗೆ ಸೊನ್ನೆ.

ಸುಳ್ಳಿಗೂ ಗೊಬ್ಬರ ನೀರು ಬೇಕು ಎನ್ನುತ್ತಾರೆ. ನನ್ನದಕ್ಕೆ ಏನೂ ಬೇಕಾಗಲಿಲ್ಲ. ಮರುವರ್ಷವೇ ಮರದ ಬುಡದಲ್ಲಿ ಮಾತೆಯ ಪ್ರತಿಮೆಗೊಂದು ಕಲ್ಲಿನ ಗವಿ ಎದ್ದಿತು. ಸೆಪ್ಟೆಂಬರಿನ ತೆನೆ ಹಬ್ಬದ ಮೆರವಣಿಗೆ ಅಲ್ಲಿಗೆ ಬರತೊಡಗಿತು. ಕುಶಾಲನಗರದಿಂದ ಬಂದವರು ಹಲಸಿನ ಬೀಜವನ್ನು ಭಕ್ತಿಯಿಂದ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಹಣ್ಣಿಗೆ ಒಂದಿಷ್ಟೂ ರುಚಿಯಿಲ್ಲ, ಆದರೂ ಯಾರೂ ಹೇಳಲಿಲ್ಲ. ಇನ್ನೊಂದು ಗುಟ್ಟು: ಆ ಮರವನ್ನು ನನ್ನ ಅಪ್ಪ ನೆಟ್ಟದ್ದು ಕೂಸಾಗಿದ್ದ ನನಗೆ ಹೆಸರಿಟ್ಟ ಜ್ಞಾನಸ್ನಾನದ ದಿನ. ಮರಕ್ಕೂ ನನಗೂ ಒಂದೇ ವಯಸ್ಸು. ಮೊದಲ ಪೂಜೆಯ ದಿನ ಆ ಮರವೂ ಇರಲಿಲ್ಲ, ನಾನೂ ಇರಲಿಲ್ಲ. ಮೂವತ್ತು ವರ್ಷ ಅದರ ಕೆಳಗೆ ಜಪಸರ ಹಿಡಿದು ನಿಂತವರಲ್ಲಿ ಒಬ್ಬರೂ ಈ ಲೆಕ್ಕ ಹಾಕಲಿಲ್ಲ. ಮುದ್ರಣಕ್ಕೆ ಅಂಥ ಶಕ್ತಿ ಇದೆ.

ಈಗ ಹೊಸ ಚರ್ಚು ಕಟ್ಟಿಸುತ್ತಿದ್ದೇವೆ. ಬಾಗಿಲ ಪಕ್ಕ ಕರಿಕಲ್ಲಿನಲ್ಲಿ ಚರಿತ್ರೆ ಕೆತ್ತಿಸುತ್ತಾರಂತೆ. ನನ್ನ ಮೊಮ್ಮಗನಷ್ಟು ವಯಸ್ಸಿನ ಈಗಿನ ಫಾದರ್, ಹಳೆಯ ಸಂಚಿಕೆಯದನ್ನೇ ಚಿಕ್ಕದು ಮಾಡಿ ಕೊಡಿ ಎಂದರು. ಕಾಗದವಾದರೆ ಗೆದ್ದಲಿನ ಮೇಲಾದರೂ ಭರವಸೆ ಇಡಬಹುದಿತ್ತು. ಕಲ್ಲನ್ನು ತಿನ್ನುವ ಗೆದ್ದಲು ಎಲ್ಲಿದೆ? ಆ ಶನಿವಾರ ಹುಂಜವನ್ನು ಮನೆಯಲ್ಲೇ ಬಿಟ್ಟು ಹೋಗಿ, ಜಾಲರಿಯ ಮುಂದೆ ಎಲ್ಲವನ್ನೂ ಹೇಳಿದೆ. ಫಾದರ್ ಆಕಳಿಸಲಿಲ್ಲ.

“ಅಜ್ಜ, ಆರೋಗ್ಯಮ್ಮನ ಮಗಳು ಲೂರ್ದಮ್ಮ ಇದ್ದಾರಲ್ಲ, ಮೊದಲು ಅವರ ಹತ್ತಿರ ಹೋಗಿ. ಆಮೇಲೆ ಬರೀರಿ. ಕಲ್ಲಿನವನು ಬುಧವಾರ ಬರ್ತಾನೆ. ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಆಡೋ ಹಾಗಿಲ್ಲ. ನೀವು ಬಾಯಿ ಬಿಡದಿದ್ರೆ, ನೀವು ಕೊಟ್ಟದ್ದೇ ಕೆತ್ತಿಸ್ಬೇಕಾಗ್ತದೆ.”

ಐದು ನಿಮಿಷದ ಮೇಲೆ ಚರ್ಚಿನ ಅಂಗಳದಲ್ಲಿ ಎದುರಾದಾಗ, “ಏನಜ್ಜ, ಚರಿತ್ರೆ ಎಲ್ಲಿಗೆ ಬಂತು?” ಎಂದು ಏನೂ ಅರಿಯದವರ ಹಾಗೆ ಕೇಳಿದರು. ಪಾಪ ಹೇಳಿದ್ದು ನಾನು, ಬಾಯಿ ಕಟ್ಟಿದ್ದು ಅವರದು.

ಮಂಗಳವಾರ ಲೈನಿಗೆ ಹೋದೆ. ಲೂರ್ದಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೊಯ್ಲಿನ ಕೆಲಸ ಬಿಟ್ಟು ವರ್ಷಗಳಾಗಿವೆ, ಈಗ ವಾರಕ್ಕೊಮ್ಮೆ ಚರ್ಚು ಗುಡಿಸುತ್ತಾಳೆ. ನಾನು ತೊದಲುತ್ತಾ ಹೇಳಿ ಮುಗಿಸಿದೆ. ಅವಳ ಕೈ ನಿಲ್ಲಲಿಲ್ಲ.

“ಗೊತ್ತು ರೈಟ್ರೇ. ಪುಸ್ತಕ ಬಂದ ದಿನ ನಾನೇ ಅಮ್ಮನಿಗೆ ಓದಿ ಹೇಳಿದ್ದು.”

“ಏನಂದ್ರು?”

“ನಕ್ಕಳು. ರೈಟ್ರ ತಾತ ಪೂಜೆಗೆ ಎಲ್ಲಿ ಬಂದ್ರು, ಕಾಪಿಗೆ ಬಂದ್ರು ಅಂದಳು. ಎರಡು ಲೋಟ ಕುಡಿದ್ರಂತೆ.”

ನನಗೂ ನಗು ಬಂತು. ಇಷ್ಟು ಹಗುರಾಗಿ ಮುಗಿಯಿತಲ್ಲ ಎಂದುಕೊಂಡೆ. ಲೂರ್ದಮ್ಮ ಒಂದು ಕಲ್ಲು ಹೆಕ್ಕಿ ಎಸೆದಳು.

“ಆಮೇಲೆ ಮೆರವಣಿಗೆ ನಿಮ್ಮ ಮರದ ಹತ್ರ ಬರೋಕೆ ಶುರುವಾಯ್ತಲ್ಲ, ಅಮ್ಮ ಬರೋದು ಬಿಟ್ಟಳು. ಕಾಲುನೋವು ಅಂತಿದ್ದಳು. ಕಾಲು ಚೆನ್ನಾಗೇ ಇತ್ತು. ಸಾಯೋ ವರ್ಷದವರೆಗೂ ಗುಡ್ಡ ಹತ್ತಿ ಸೌದೆ ತರ್ತಿದ್ದಳು.”

ನನಗೆ ನೆನಪಿತ್ತು. ಪ್ರತಿ ಹಬ್ಬಕ್ಕೂ ಆರೋಗ್ಯಮ್ಮ ಚರ್ಚಿನ ಗೇಟಿನ ತನಕ ಬಂದು, ಮೆರವಣಿಗೆ ತಿರುಗುವವರೆಗೂ ನಿಂತು ಹಿಂದಿರುಗುತ್ತಿದ್ದಳು. ಶಿಲುಬೆಯ ಹಿಂದೆ ಮೊದಲ ಸಾಲಿನಲ್ಲಿ ನಡೆಯುತ್ತಿದ್ದ ನಾನು, ‘ಪಾಪ, ಕಾಲುನೋವು’ ಎಂದು ಪಕ್ಕದವರಿಗೆ ಹೇಳಿದ್ದೂ ಇದೆ. ಕ್ಷಮೆ ಕೇಳಲು ಹೋದವನು ಅದನ್ನು ಬಿಟ್ಟು ಜೇಬಿನಿಂದ ಕಾಗದ, ಪೆನ್ನು ತೆಗೆದೆ. ಅವಳೂ ಕ್ಷಮಿಸಿದೆ ಎನ್ನಲಿಲ್ಲ. “ಬರೆಯೋದಾದ್ರೆ ಸರಿಯಾಗಿ ಬರೀರಿ. ಸೀರೆ ಹಸಿರು,” ಎಂದಳು.

ಬರೆದೆ. ಅಂದು ಸಂಜೆಯೇ ಚರ್ಚಿನ ಪಾಲನಾ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಓದಿದೆ. “ಹಾಗಾದ್ರೆ ಇಷ್ಟು ವರ್ಷ ನಾವು ಮರಕ್ಕಾ ಕೈ ಮುಗಿದಿದ್ದು?” ಎಂದು ಯಾರೋ ಗೊಣಗಿದರು. ಇನ್ನೊಬ್ಬರು, ರೈಟ್ರಿಗೆ ಮರೆವು ಜಾಸ್ತಿಯಾಗಿದೆ, ಹಳೆಯದೇ ಇರಲಿ ಎಂದರು. ಸುಳ್ಳು ಬರೆದಾಗ ನನ್ನ ನೆನಪಿನ ಶಕ್ತಿಯನ್ನು ಹೊಗಳಿದವರು ಇವರೇ. ಕೊನೆಗೆ ನನ್ನ ಮತ್ತು ಮರದ ವಯಸ್ಸಿನ ಲೆಕ್ಕ ಬಿಡಿಸಿ ಹೇಳಬೇಕಾಯಿತು. ಫಾದರ್ ಅದೇ ಮೊದಲ ಸಲ ಕೇಳುತ್ತಿರುವಂತೆ ಹುಬ್ಬೇರಿಸಿ, ಹಾಗೇ ಕೆತ್ತಿಸೋಣ ಎಂದರು.

ಈ ಸಲದ ತೆನೆ ಹಬ್ಬಕ್ಕೆ ಮೆರವಣಿಗೆ ಲೈನಿಗೆ ಹೋಯಿತು. ಲೈನ್ ಮನೆಯ ಮುಂದೆ ಜಾಗ ಎಷ್ಟಿರುತ್ತದೆ? ಹಿಂದಿನ ಬೆಂಚಿನವರು ಅಲ್ಲಿಯವರೇ ಆದ್ದರಿಂದ ಮುಂದೆ ನಿಂತರು, ಮುಂದಿನ ಬೆಂಚಿನ ನಾವು ಚರಂಡಿಯ ಆಚೆ. ನಾನಂತೂ ಅಲ್ಲಿಗೂ ತಡ. ನನ್ನ ಮಂಡಿನೋವು ನಿಜವಾದದ್ದು. ಏರು ಹತ್ತಿ ತಲುಪುವಾಗ ಪ್ರಾರ್ಥನೆ ಮುಗಿದು, ಲೂರ್ದಮ್ಮ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದಳು.

“ಬನ್ನಿ ರೈಟ್ರೇ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ತಾತನ ಹಾಗೇ ಬಂದ್ರಿ, ಸರಿಯಾಗಿ ಕಾಪಿ ಹೊತ್ತಿಗೆ.”

ಎಲ್ಲರೂ ನಕ್ಕರು. ನಾನು ಲೋಟ ತೆಗೆದುಕೊಂಡೆ. ತಡವಾಗಿ ಬಂದವನಿಗೆ ಎಸ್ಟೇಟಿನಲ್ಲಿ ಅರ್ಧ ಹಾಜರಿ. ನನ್ನ ಕೈಯಾರೆ ಎಷ್ಟೋ ಜನರಿಗೆ ಹಾಕಿದ್ದೇನೆ, ಅವರ ಮುಖ ಸಪ್ಪಗಾಗುವುದನ್ನೂ ನೋಡಿದ್ದೇನೆ. ಅದು ಸಿಕ್ಕಿದರೂ ದೊಡ್ಡದು ಎಂದು ಆವತ್ತು ಗೊತ್ತಾಯಿತು. ಎರಡನೆಯ ಲೋಟವನ್ನು ನಾನು ಕೇಳಲಿಲ್ಲ.