ಮದುವೆಯ ಪಂಚೆಯಲ್ಲಿ ಸೋಸಿದ ಬಿಯರ್

೧೯೯೪ರಲ್ಲಿ ಎಂಟನೇ ಕ್ಲಾಸಿಗೇ ಓದು ನಿಲ್ಲಿಸಿದೆ. ಬಡಗಿ ಕೆಲಸ ಮಾಡಿಯೇ ೨೦೧೫ರಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ ಸ್ವಂತ ಮನೆ ಕೊಂಡೆ. ಗೃಹಪ್ರವೇಶದ ಸಂಜೆಗೆ ಬಿಯರ್ ತಾವೇ ಮಾಡಿಕೊಡುವುದಾಗಿ ಪಕ್ಕದ ಮನೆಯ ಮೈಸೂರಿನ ಅಂಕಲ್ ಮಾತು ಕೊಟ್ಟಿದ್ದರು.

ಯಾವುದಕ್ಕೂ ಗಡ್ಡ ಸವರಿಕೊಂಡು "ತಾಳಪ್ಪ" ಅನ್ನುವವರು. ಅಂಥವರು ಮೂರು ವಾರ ಮೊದಲೇ ಬಿಯರ್ ಮಾಡಲು ಕೂತಾಗ, ತರಿತರಿಯಾಗಿ ಒಡೆದರೆ ಸಾಕಾದ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾಲ್ಟನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಹಿಟ್ಟು ಮಾಡಿಬಿಟ್ಟರು. ಬಿಸಿನೀರಿನಲ್ಲಿ ಅದು ಗಂಜಿಯಾಯಿತು. ಹಂಡೆಯ ನಲ್ಲಿಯಿಂದ ಹನಿಯೂ ಇಳಿಯಲಿಲ್ಲ.

"ಅಂಕಲ್, ಇದನ್ನ ಕುಡಿಯೋದಾ, ಉಪ್ಪಿನಕಾಯಿ ನೆಂಚ್ಕೊಂಡು ತಿನ್ನೋದಾ?" ಎಂದೆ.

"ತಾಳಪ್ಪ" ಎಂದು ಒಳಗಿಂದ ಪಂಚೆ ತಂದರು.

"ಅಯ್ಯೋ, ನಮ್ಮ ಮದುವೇದು ಕಣ್ರೀ ಅದು!" ಎಂದು ಆಂಟಿ ಕೂಗಿದರು.

"ಮದುವೆ ಆಗೋಯ್ತಲ್ಲೇ."

ನಾನೂ ಅಂಕಲ್ಲೂ ಗಂಜಿಯನ್ನು ಪಂಚೆಗೆ ಸುರಿದು, ಎರಡೂ ತುದಿ ಹಿಡಿದು ಹಿಂಡಿದೆವು. ರಸ ಕುದಿಸಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಹಾಕಿದಾಗ ಅವರ ಗ್ಯಾರೇಜೆಲ್ಲ ಘಮಘಮ. ಆರಿದ ಮೇಲೆ ಯೀಸ್ಟ್ ಹಾಕಿ ಹುದುಗಲು ಬಿಟ್ಟೆವು. ಗೃಹಪ್ರವೇಶದ ಸಂಜೆ ಆ ಮಬ್ಬು ಬಿಯರನ್ನು ಗೆಳೆಯರು ಕೇಳಿ ಕೇಳಿ ಕುಡಿದರು.

ಅಂಕಲ್ ಆಮೇಲೆ ಮನೆ ಬದಲಿಸಿ ಜಾನ್ಸನ್‌ವಿಲ್ ಅನ್ನೋ ಬೇರೆ ಊರಿಗೆ ಹೋದರು. ಈಗ ನನಗೆ ಮನೆ ಒಂದು, ಕೆಲಸದ ಸಾಮಾನು ಹೊರುವ ಯೂಟ್ ಗಾಡಿ ಎರಡು, ನಾನೇ ಬಿಯರ್ ಕುದಿಸುವ ಹಂಡೆ ಒಂದು.