ಹದಿನಾರು ಕಿಲೋದ ಸರಪಳಿ ಬೆಟ್ಟು

ಮಸ್ಕತ್ತಿನ ಘಾಲಾದ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಾವು ಮೂವರಿದ್ದೆವು. ಸ್ಪೇರ್ ಪಾರ್ಟ್ಸ್ ಸ್ಟೋರ್ ನೋಡಿಕೊಳ್ಳುತ್ತಿದ್ದ ನಾನು, ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ ಉಡುಪಿ ಕಡೆಯ ಪೇಂಟರ್, ಮತ್ತೆ ನಮಗೆಲ್ಲ ಅಡುಗೆ ಮಾಡಿ ಹಾಕುತ್ತಿದ್ದ ಬ್ಯಾರಿ ಕಾಕ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ರಜೆಯಲ್ಲಿ ಊರಿಗೆ ಹೋಗುವವನು ಕೋಣೆಯವರ ಸಾಮಾನನ್ನು ತಲಾ ಎರಡು ಕಿಲೋ ಹೊರಲೇಬೇಕು, ಇದು ನಮ್ಮ ಕಟ್ಟಳೆ. ವಿಮಾನದಲ್ಲಿ ಮೂವತ್ತು ಕಿಲೋ ಬಿಡುತ್ತಿದ್ದರು. ಹೆಂಡತಿ ಮಕ್ಕಳು ಕಾಗದದಲ್ಲಿ ಬರೆಯುತ್ತಿದ್ದದ್ದು ಮುನ್ನೂರು ಕಿಲೋದ ಪಟ್ಟಿ.

ಹಣ ಇಟ್ಟು ಜೂಜಾಡುವ ಧೈರ್ಯ ನಮಗಿರಲಿಲ್ಲ. ಪೊಲೀಸರ ಕೈಗೆ ಸಿಕ್ಕಿದರೆ ಖಲಾಸ್, ಗಂಟುಮೂಟೆ ಕಟ್ಟಬೇಕು. ಹಾಗಂತ ಶುಕ್ರವಾರದ ಕ್ರಿಕೆಟನ್ನು ಕೈಕಟ್ಟಿ ನೋಡುವವರೂ ನಾವಲ್ಲ. ಹಾಗಾಗಿ ಈ ಕಿಲೋಗಳ ಮೇಲೆಯೇ ಬೆಟ್ಟು ಕಟ್ಟುತ್ತಿದ್ದೆವು. ರಜೆಗೆ ಹೊರಟವನೇ ಬೆಟ್ಟಿನ ಯಜಮಾನ. ನೀನು ಹೇಳಿದ ತಂಡ ಗೆದ್ದರೆ ನಿನ್ನ ಎರಡು ಕಿಲೋ ನಾಲ್ಕಾಗುತ್ತದೆ, ಸೋತರೆ ಇದ್ದ ಎರಡೂ ಹೋಯಿತು. "ಹಣ ಇಲ್ಲದಿದ್ರೂ ಜೂಜು ಜೂಜೇ" ಎಂದು ಕಾಕ ಬೈಯುತ್ತಿದ್ದರು, ಬೈದಾದ ಮೇಲೆ ಸ್ಕೋರ್ ಎಷ್ಟಾಯಿತೆಂದು ಕೇಳುತ್ತಿದ್ದರು.

ಮೂರು ವರ್ಷದ ಮೇಲೆ ನನ್ನ ರಜೆ ಬಂತು. ಹೊರಡುವ ಹಿಂದಿನ ಶುಕ್ರವಾರ ವಾದಿಯ, ಅಂದರೆ ನೀರಿಲ್ಲದ ಹೊಳೆಯ, ಜಲ್ಲಿಕಲ್ಲಿನ ಬಯಲಿನಲ್ಲಿ ಮೂರು ಪಂದ್ಯಗಳಿದ್ದವು. ಅದರ ಮೊದಲಿನ ರಾತ್ರಿ ಪೇಂಟರ್ ಬಂದು ನನ್ನ ಮಂಚದ ಮೇಲೆ ಕೂತ.

"ಮಾರಾಯ, ಈ ಸರ್ತಿ ನಾನು ಸರಪಳಿ ಕಟ್ಟುದು."

"ಎಂತ ಸರಪಳಿ?"

ಹಿಂದೆ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿದ್ದಾಗ ಅಮೆರಿಕದವನೊಬ್ಬ ಅವನಿಗೆ ಹೇಳಿಕೊಟ್ಟದ್ದಂತೆ, ಹೆಸರು ಪಾರ್ಲೇ. ಮೂರು ಪಂದ್ಯಗಳನ್ನು ಒಟ್ಟಿಗೆ ಪೋಣಿಸುವುದು. ಮೊದಲನೆಯದು ಗೆದ್ದರೆ ಎರಡು ಕಿಲೋ ನಾಲ್ಕು. ಅದನ್ನು ಕೈಗೆ ತೆಗೆದುಕೊಳ್ಳುವ ಹಾಗಿಲ್ಲ, ಅಷ್ಟೂ ಎರಡನೆಯದಕ್ಕೆ ಹೋಗುತ್ತದೆ. ಅದೂ ಗೆದ್ದರೆ ಎಂಟು, ಮೂರನೆಯದೂ ಗೆದ್ದರೆ ಹದಿನಾರು. ನಡುವೆ ಒಂದು ಕೊಂಡಿ ಕಳಚಿದರೂ ಸೊನ್ನೆ, ಎರಡು ಸರಿ ಹೇಳಿದ್ದೆ ಎಂದು ಅತ್ತರೆ ಕಿಲೋ ಇರಲಿ, ಗ್ರಾಮೂ ಸಿಗುವುದಿಲ್ಲ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರು ಪಂದ್ಯ ಎಂಟು ಬಗೆಯಲ್ಲಿ ಮುಗಿಯಬಹುದು, ಅವನಿಗೆ ಬೇಕಾದದ್ದು ಒಂದೇ ಬಗೆ. ಎಂಟರಲ್ಲಿ ಏಳು ಸಲ ನನಗೆ ಲಾಭ ಎಂದು ಹಿಗ್ಗಿದೆ. ಒಂದಕ್ಕೆ ಎಂಟು ಪಟ್ಟು ಕೊಟ್ಟರೆ ಯಜಮಾನನಿಗೆ ಉಳಿಯುವುದು ಮಣ್ಣಂಗಟ್ಟಿ, ಪಳಗಿದ ಬುಕ್ಕಿಗಳು ಆರೇ ಪಟ್ಟು ಕೊಟ್ಟು ಉಳಿದದ್ದನ್ನು ನುಂಗುತ್ತಾರೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಅವತ್ತು ದೊಡ್ಡ ಜಾಣನ ಹಾಗೆ "ಆಯ್ತು, ಕಟ್ಟು" ಎಂದುಬಿಟ್ಟೆ.

ನನ್ನ ಪೆಟ್ಟಿಗೆಯಲ್ಲಿ ಹದಿಮೂರು ಕಿಲೋದ ಜಪಾನಿ ಹೊಲಿಗೆ ಮಿಷನ್ ಇತ್ತು. ಹೆಂಡತಿ ಹೊಲಿಗೆ ಕಲಿತು ಮುಗಿಸಿದ್ದಳು. ಮಿಷನ್ ಬರುತ್ತದೆ ಎಂಬ ಭರವಸೆಯಲ್ಲಿ ನೆರೆಕರೆಯವರಿಂದ ರವಿಕೆ ಬಟ್ಟೆಯನ್ನೂ ತೆಗೆದಿಟ್ಟುಕೊಂಡಿದ್ದಳು. ಪೇಂಟರಿಗೆ ಹದಿನಾರು ಕಿಲೋ ಬಿಟ್ಟುಕೊಡಬೇಕಾದರೆ ಆ ಮಿಷನ್ ಘಾಲಾದಲ್ಲೇ ಉಳಿಯಬೇಕು. ಇದು ಹೊಳೆದದ್ದು ಶುಕ್ರವಾರ, ಎರಡು ಪಂದ್ಯ ಮುಗಿದು ಪೇಂಟರ್ ಹೇಳಿದ ಎರಡೂ ತಂಡಗಳು ಗೆದ್ದ ಮೇಲೆ.

ಮೂರನೆಯದು ನಮ್ಮ ಗ್ಯಾರೇಜಿಗೂ ಟೈರ್ ಗೋದಾಮಿನವರಿಗೂ. ಪೇಂಟರ್ ಕಟ್ಟಿದ್ದು ನಮ್ಮ ತಂಡದ ಮೇಲೆ. ಆಡುವವನೂ ನಾನೇ, ನಾವು ಗೆದ್ದರೆ ಮುಳುಗುವವನೂ ನಾನೇ! ಟೈರಿನವರ ಕೊನೆಯ ಜೋಡಿ, ಕೊನೆಯ ಚೆಂಡು, ಬೇಕಾದದ್ದು ಎರಡು ರನ್. ಹೊಡೆದವನ ಚೆಂಡು ಮೇಲಕ್ಕೆ ಹೋಗಿ, ನೀರಿನ ಟ್ಯಾಂಕರ್ ಪಕ್ಕ ನಿಂತಿದ್ದ ನನ್ನ ಕೈಗೇ ಬಂತು. ನನ್ನ ಕೈ ಜಾರಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಲಿಲ್ಲ. ನಾನೇ ಬೆರಳು ಸಡಿಲ ಬಿಟ್ಟೆ. ಅವರು ಎರಡು ರನ್ ಓಡಿದರು.

ತಂಡದವರೆಲ್ಲ ನನ್ನ ಏಳು ತಲೆಮಾರಿಗೆ ಮಂಗಳಾರತಿ ಎತ್ತಿದರು. ಪೇಂಟರ್ ಮಾತ್ರ ಬಂದು ಹೆಗಲ ಮೇಲೆ ಕೈಯಿಟ್ಟ. "ಬಿಡು ಮಾರಾಯ, ಕ್ಯಾಚು ಯಾರ ಕೈಯಿಂದ್ಲೂ ಬಿಟ್ಟು ಹೋಗ್ತದೆ." ಕೋಣೆಗೆ ಬಂದವನೇ ತನ್ನ ಎರಡು ಕಿಲೋದ ಕಟ್ಟನ್ನು ನನ್ನ ಸಾಮಾನಿನಿಂದ ತೆಗೆದ. ತಾಯಿಗೆಂದು ತಂದ ಕಂಬಳಿ ಅದು. ಇರಲಿ, ಕೊಂಡುಹೋಗುತ್ತೇನೆ ಎಂದೆ. "ಸೋತದ್ದು ಸೋತದ್ದೇ" ಎಂದು ಕಟ್ಟನ್ನು ಮಂಚದಡಿ ತಳ್ಳಿದ. ಮರುದಿನ ಮಿಷನ್ನಿನ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಎತ್ತಿಟ್ಟವನೂ ಅವನೇ.

ಊರಲ್ಲಿ ಮಿಷನ್ ಓಡಲು ಶುರುವಾಯಿತು. ಮೂರನೇ ದಿನ ನನ್ನ ಜಾಣತನವನ್ನೆಲ್ಲ ಹೆಂಡತಿಗೆ ರಸವತ್ತಾಗಿ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಲು ತೆಗೆದು ಮಿಷನ್ ನಿಲ್ಲಿಸಿದಳು.

"ಆ ಅಮ್ಮನ ಕಂಬಳಿ ಅಲ್ಲಿ ಬಿಟ್ಟು ನನಗೆ ಮಿಷನ್ ತಂದ್ರಾ? ನಾಚಿಕೆ ಆಗ್ಬೇಕು ನಿಮಗೆ!"

"ಬೆಟ್ಟು ಅಲ್ವಾ ಮಾರಾಯ್ತಿ..."

"ಬೆಟ್ಟಲ್ಲಿ ಗೆದ್ದದ್ದು ಅವರು. ಹದಿನಾರು ಕಿಲೋ ಅವರದ್ದು. ಹೋಗುವಾಗ ಹೊತ್ತುಕೊಂಡು ಹೋಗಿ."

ಆ ವಾರವೇ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿಸಿ ಪೇಂಟರಿನ ತಾಯಿಯ ಮನೆಗೆ ಹೋದಳು. ಮಗನಿಗೆ ಹದಿನಾರು ಕಿಲೋ ಏನು ಬೇಕಾದರೂ ಕೊಡಿ ಎಂದಳು. ಆ ತಾಯಿ ಮೊದಲು ನಂಬಲೇ ಇಲ್ಲ. "ಇಷ್ಟು ಭಾರ ಯಾಕೆ ಹೊರ್ತೀರಿ ಮಗಾ?" ಎಂದು ಕೇಳಿದರು. ನಾನು ಗಂಟು ಕಟ್ಟುವ ಹಗ್ಗ ಹುಡುಕತೊಡಗಿದೆ, ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಮೀನು, ತೆಂಗಿನೆಣ್ಣೆ ಎಂದು ಅವರು ತುಂಬಿಸಿದ್ದು ಹದಿನೆಂಟು ಕಿಲೋ. ಒಣಮೀನಿನ ವಾಸನೆಗೆ ಮಸ್ಕತ್ ಕಸ್ಟಮ್ಸಿನವನು ಮೂಗು ಮುಚ್ಚಿಕೊಂಡು "ಯಲ್ಲಾ ಯಲ್ಲಾ" ಎಂದು ನನ್ನನ್ನು ಓಡಿಸಿದ.

ಕೋಣೆಯಲ್ಲಿ ಗಂಟು ಇಳಿಸಿ, ಕಾಕನ ಎದುರಿಗೇ ಎಲ್ಲ ಒಪ್ಪಿಕೊಂಡೆ. ಪೇಂಟರಿನ ಮುಖ ಕೆಂಪಾಯಿತು.

"ಬೇಕೂಂತ ಬಿಟ್ಟದ್ದಾ? ಬೇವರ್ಸಿ! ನಾನು ನಿನಗೆ ಸಮಾಧಾನ ಬೇರೆ ಮಾಡಿದೆ!"

ಕಾಕ ಒಲೆಯ ಹತ್ತಿರದಿಂದ ಏಳಲಿಲ್ಲ. "ನಾನು ಮೊದಲೇ ಹೇಳಿದ್ದೆ" ಎಂದರು, ಅಷ್ಟೇ.

ಪೇಂಟರ್ ಗಂಟು ಬಿಚ್ಚಿ ಒಂದೊಂದನ್ನೇ ಹೊರಗಿಟ್ಟ. ಉಪ್ಪಿನಕಾಯಿ ಭರಣಿಯ ಬಾಯಿಗೆ ತಾಯಿ ಹಳೆಯ ಸೀರೆಯ ತುಂಡು ಕಟ್ಟಿದ್ದರು. ಅದನ್ನು ಬಿಚ್ಚಿ, ಒಂದು ಮಿಡಿ ಬಾಯಿಗಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ಕೂತ. ಐದು ವರ್ಷವಾಗಿತ್ತು ಅವನು ಊರಿಗೆ ಹೋಗದೆ. ಇನ್ನು ಬೈಗುಳ ಬರುತ್ತದೆ ಎಂದು ನಾನು ತಲೆತಗ್ಗಿಸಿ ಕಾದೆ.

"ಮಾರಾಯ," ಎಂದ ಅವನು, ತಿರುಗದೆಯೇ. "ನೀನು ಆ ಕ್ಯಾಚು ಹಿಡಿದಿದ್ರೆ ನಾನು ಅಮ್ಮನಿಗೆ ಸೋಪು, ಸೆಂಟು ಕಳಿಸ್ತಿದ್ದೆ. ಅಮ್ಮನ ಕೈರುಚಿ ನನಗೆ ಬರ್ತಿರಲಿಲ್ಲ."

ನಾನು ಅತ್ತೇಬಿಟ್ಟೆ. ಅವನೂ ಅತ್ತ. ಕಾಕ ಮೂರು ತಟ್ಟೆ ಇಟ್ಟು ಗಂಜಿ ಬಡಿಸಿದರು.